ಫಯಾಜ್ ಸಾಹೇಬರ ಪೆನ್ಸಿಲ್ ಗುರುತು

ನಾನು ಖಾಸಗಿ ಕಾಲೇಜೊಂದರ ಗ್ರಂಥಾಲಯ ನೋಡಿಕೊಳ್ಳುವವನು. ಒಂದು ದಿನ ಧೂಳು ಹೊಡೆಯುವಾಗ ಆಡಳಿತ ಕಾನೂನಿನ ದಪ್ಪ ಪುಸ್ತಕವೊಂದು ಕೈಗೆ ಸಿಕ್ಕಿತು. ಒಳಗಿನ ಚೀಟಿ ನೋಡಿದರೆ, ಕಾಲೇಜು ಶುರುವಾದಾಗಿನಿಂದ ಒಬ್ಬನೇ ಒಬ್ಬ ವಿದ್ಯಾರ್ಥಿ ಅದನ್ನು ಮನೆಗೆ ಒಯ್ದಿದ್ದ. ಮರುದಿನವೇ ವಾಪಸ್ ತಂದಿದ್ದ. ನನಗೆ ಆ ಪುಸ್ತಕದ ಮೇಲೆ ಕನಿಕರ ಬಂತು. ಆ ಕನಿಕರವೇ ನನ್ನ ಮನೆ ಹಾಳು ಮಾಡಿತು!

ನಲವತ್ತೇಳನೆಯ ವಯಸ್ಸಿನಲ್ಲಿ ಸಾರ್ವಜನಿಕ ಆಡಳಿತದ ಎಂ.ಎ.ಗೆ ಸೇರಿದೆ. ಭಾನುವಾರ ಬಂದರೆ ಬಸ್ಸು ಹಿಡಿದು ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ತರಗತಿಗೆ ಹೋಗುವುದು, ಮೊದಲ ಬೆಂಚಿನಲ್ಲಿ ಕೂರುವುದು, ಕಲಿತದ್ದನ್ನು ಬಿಸಿ ಆರುವ ಮೊದಲೇ ಮನೆಯಲ್ಲಿ ಪ್ರಯೋಗಿಸುವುದು. ಅಧಿಕಾರ ಶ್ರೇಣಿಯ ಪಾಠ ಮುಗಿದ ಸಂಜೆ ಹೆಂಡತಿ ಗಿರಿಜಾಗೆ ಹೇಳಿದೆ:

"ಈ ಮನೇಲಿ ಎಲ್ಲಾ ಅಧಿಕಾರ ನಿನ್ನೊಬ್ಬಳ ಕೈಲೇ ಇದೆ. ವಿಕೇಂದ್ರೀಕರಣ ಆಗ್ಬೇಕು ಮಾರಾಯ್ತಿ."

"ಆಗ್ಲಿ ರೀ," ಎಂದಳು. "ಇವತ್ತಿಂದ ಪಾತ್ರೆ ತೊಳೆಯೋ ಅಧಿಕಾರ ನಿಮ್ದು."

ಅಲ್ಲಿಗೇ ನಾನು ಓದು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಗಿರಿಜಾ ಭದ್ರಾವತಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ನಮ್ಮ ಮನೆ ಶಿವಮೊಗ್ಗದ ಗೋಪಾಳದಲ್ಲಿ. ಒಂಬತ್ತು ವರ್ಷಗಳಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಈಚೆಗೆ ಮಂಡಿನೋವು ಬಂದಮೇಲೆ ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಒಂದು ಕ್ಷಣ ಕಣ್ಣು ಮುಚ್ಚುತ್ತಾಳೆ. ಈ ವರ್ಷ ನಮ್ಮ ಗೋಪಾಳದ ಶಾಲೆಯಲ್ಲೇ ಒಂದು ಜಾಗ ಖಾಲಿಯಾಯಿತು. ವರ್ಗಾವಣೆ ಕೇಳಿ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು. ವಾಕಿಂಗ್ ನೆಪದಲ್ಲಿ ಆ ಶಾಲೆಯ ಗೇಟಿನ ತನಕ ನಡೆದು, ಹೆಜ್ಜೆ ಎಣಿಸಿಕೊಂಡು ಬಂದಳು. ನಾನೂರ ಹನ್ನೆರಡು ಹೆಜ್ಜೆ! ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಅರ್ಜಿಯನ್ನು ಭದ್ರಾವತಿಯ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಡಬೇಕು. ಕೊನೆಯ ದಿನ ಗುರುವಾರ. ಮಂಗಳವಾರ, ಬುಧವಾರ ಅವಳಿಗೆ ತಪ್ಪಿಸುವಂತಿಲ್ಲದ ತರಬೇತಿ.

"ನೀವೇ ಹೋಗಿ ಕೊಟ್ಟು ಬನ್ನಿ," ಎಂದಳು. ಚಪ್ಪಲಿ ಹಾಕಿಕೊಳ್ಳುವಾಗ ಮತ್ತೆ ಕೂಗಿದಳು: "ಕೊಟ್ಟು ಬನ್ನಿ ಅಷ್ಟೇ. ಮಾತಾಡ್ಬೇಡಿ!"

ಮಂಗಳವಾರ ಇಸ್ತ್ರಿ ಅಂಗಿ ತೊಟ್ಟು, ಬಗಲಲ್ಲಿ ಆ ಪುಸ್ತಕ ಇಟ್ಟುಕೊಂಡು ಹೊರಟೆ. ಅರ್ಜಿ ಕೊಡಲು ಪುಸ್ತಕ ಏಕೆ ಎಂದು ಕೇಳಬೇಡಿ. ಇವತ್ತಿಗೂ ಗೊತ್ತಿಲ್ಲ.

ಕಚೇರಿಯಲ್ಲಿ ವರ್ಗಾವಣೆ ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು ಫಯಾಜ್ ಸಾಹೇಬರು. ಕನ್ನಡಕ ಮೂಗಿನ ತುದಿಗೆ ಇಳಿಸಿ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಸೇವಾ ಪ್ರಮಾಣಪತ್ರದ ಬಳಿ ನಿಂತರು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಹಾಳೆಯ ಅಂಚಿನಲ್ಲಿ ಸಣ್ಣದೊಂದು ಗುರುತು ಹಾಕಿದರು.

"ಸಾರ್, ಇಲ್ಲಿ ಹೆಡ್ಮಾಸ್ಟ್ರು ಸಹಿ ಮಾಡಿದಾರೆ, ಸೀಲ್ ಹಾಕಿಲ್ಲ. ಶಾಲೆ ಇಲ್ಲೇ ಹತ್ರ. ಹಾಕಿಸ್ಕೊಂಡು ಬಂದ್ಬಿಡಿ. ನಾಳೆ ತಂದ್ರೂ ನಡಿಯತ್ತೆ. ಬಂದ ತಕ್ಷಣ ಈ ಗುರುತು ಅಳಿಸಿ ಮುಂದೆ ಕಳಿಸ್ತೀನಿ."

ಎಂಥ ಒಳ್ಳೆಯ ಮನುಷ್ಯ! ಅಂಥವರನ್ನು ಕಂಡಾಗ ಕೈಮುಗಿದು ಎದ್ದು ಹೋಗಬೇಕು. ನಾನು ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡೆ.

"ಇದು ಯಾವ ನಿಯಮದ ಪ್ರಕಾರ ಹಾಕಿದ ಆಕ್ಷೇಪಣೆ?"

"ನಿಯಮ ಅಲ್ಲ ಸಾರ್, ಪೆನ್ಸಿಲ್."

"ಪೆನ್ಸಿಲ್ಲಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಆಕ್ಷೇಪಣೆ ಇದ್ರೆ ಲಿಖಿತವಾಗಿ ಕೊಡಿ. ಕಾರಣ ಬರೀರಿ. ನಮ್ಮ ಅಹವಾಲು ಕೇಳದೆ ತೀರ್ಮಾನ ಮಾಡೋ ಹಂಗಿಲ್ಲ. ಸಹಜ ನ್ಯಾಯ!"

ಅಕ್ಕಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು. ಮೆಚ್ಚುಗೆಯಿಂದ ನೋಡುತ್ತಿದ್ದಾರೆ ಎಂದುಕೊಂಡೆ.

ಫಯಾಜ್ ಸಾಹೇಬರು ದನಿ ತಗ್ಗಿಸಿದರು. "ಬೇಡ ಸಾರ್. ಪೆನ್ಸಿಲ್ ಆದ್ರೆ ನಾನೇ ಅಳಿಸ್ತೀನಿ. ಪೆನ್ನಲ್ಲಿ ಬರೆದ್ರೆ ನನ್ನ ಕೈಲಿ ಇರಲ್ಲ. ಟೀಚರಮ್ಮನ ಕೆಲಸ ಕೆಡತ್ತೆ."

"ಬರೀರಿ!" ಎಂದೆ.

ಅವರು ನನ್ನನ್ನು ಒಮ್ಮೆ ನೋಡಿದರು. ಡ್ರಾಯರ್‌ನಿಂದ ರಬ್ಬರ್ ತೆಗೆದು ಆ ಪೆನ್ಸಿಲ್ ಗುರುತನ್ನು ನಿಧಾನವಾಗಿ ಅಳಿಸಿದರು. ಪುಡಿಯನ್ನು ಊದಿದರು. ಪೆನ್ನು ತೆಗೆದು ಟಿಪ್ಪಣಿ ಹಾಳೆಯಲ್ಲಿ ಬರೆದರು: ಪ್ರಮಾಣಪತ್ರದಲ್ಲಿ ಸೀಲು ಇರುವುದಿಲ್ಲ. ಅರ್ಜಿದಾರರ ಪರವಾಗಿ ಬಂದವರು ವಿಚಾರಣೆ ಮತ್ತು ಲಿಖಿತ ಆದೇಶ ಕೋರಿರುತ್ತಾರೆ. ಆದೇಶಕ್ಕಾಗಿ ಮಂಡಿಸಿದೆ.

ಕಡತಕ್ಕೆ ಲಾಡಿ ಕಟ್ಟಿ ಮೇಲಿನ ಮಹಡಿಯ ಅಧಿಕಾರಿಗೆ ಕಳಿಸಿಬಿಟ್ಟರು. ನಾನು ಯುದ್ಧ ಗೆದ್ದವನಂತೆ ಮನೆಗೆ ಬಂದೆ.

ಗಿರಿಜಾ ಅಕ್ಕಿ ತೊಳೆಯುತ್ತಿದ್ದಳು. ನಡೆದದ್ದನ್ನೆಲ್ಲ ಅಭಿನಯ ಸಮೇತ ಹೇಳಿದೆ. ಅವಳ ಕೈ ನೀರಿನಲ್ಲೇ ನಿಂತಿತು.

"ಪೆನ್ಸಿಲ್ ಗುರುತು ಅಳಿಸಿಬಿಟ್ರಾ?"

"ಅಳಿಸೋ ಹಂಗೆ ಮಾಡಿದ್ದೇ ನಾನು!"

"ಅಯ್ಯೋ ಮಾರಾಯ್ರೇ," ಎಂದಳು.

ಮರುದಿನ ತರಬೇತಿಗೂ ಮುಂಚೆ ಹೆಡ್ಮಾಸ್ಟರ ಮನೆಗೇ ಹೋಗಿ, ಇನ್ನೊಂದು ಪ್ರಮಾಣಪತ್ರಕ್ಕೆ ಸಹಿ ಸೀಲು ಎರಡೂ ಹಾಕಿಸಿಕೊಂಡು, ಕುಂಟುತ್ತಲೇ ಕಚೇರಿಗೆ ಓಡಿದಳು. ಫಯಾಜ್ ಸಾಹೇಬರು ಎದ್ದು ನಿಂತು ಹೇಳಿದರಂತೆ: "ಮೇಡಂ, ಕಡತ ನನ್ನ ಹತ್ರ ಇಲ್ಲ. ನಿಮ್ಮ ಯಜಮಾನ್ರು ಕೇಳಿದ ಆದೇಶ ಆಗೋ ತನಕ ಕೆಳಗೆ ಬರಲ್ಲ." ಗುರುವಾರ ಬಂತು, ಹೋಯಿತು. ಗೋಪಾಳದ ಜಾಗ ಗಿರಿಜಾಳ ಸಹೋದ್ಯೋಗಿ ಸುಮಿತ್ರಾಗೆ ಸಿಕ್ಕಿತು. ಅವರ ಅರ್ಜಿಯಲ್ಲಿ ಮೂರು ಪೆನ್ಸಿಲ್ ಗುರುತು ಇದ್ದವಂತೆ. ಮೂರನ್ನೂ ಸರಿಮಾಡಿ ತಂದು ಕೊಟ್ಟು, ತೆಪ್ಪಗೆ ಮನೆಗೆ ಹೋಗಿದ್ದರು.

ಜಾಗ ಹೋದ ಹದಿನೈದು ದಿನಕ್ಕೆ ನಾನು ಕೇಳಿದ ವಿಚಾರಣೆಯ ನೋಟಿಸ್ ಬಂತು! ಹತ್ತು ಪುಟ ವಾದ ಬರೆದುಕೊಂಡು ಹೋದೆ. ಅಧಿಕಾರಿ ಬಹಳ ಸೌಜನ್ಯದಿಂದ ಕೇಳಿದರು:

"ತಾವು ಯಾರು?"

"ಅರ್ಜಿದಾರರ ಗಂಡ."

"ಅಧಿಕಾರ ಪತ್ರ ತಂದಿದ್ದೀರಾ?"

ತಂದಿರಲಿಲ್ಲ. ಸಹಜ ನ್ಯಾಯ ಗಿರಿಜಾಗೆ ಅನ್ವಯಿಸುತ್ತಿತ್ತು, ನನಗಲ್ಲ. ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಗಿರಿಜಾ ಒಳಗೆ ಹೋಗಿ ಎರಡು ನಿಮಿಷದಲ್ಲಿ ಹೊರಬಂದಳು.

"ಏನಂದೆ?"

"ಏನೂ ಹೇಳೋದಿಲ್ಲ ಸಾರ್, ಕ್ಷಮಿಸಿ ಅಂದೆ."

ವಾರದ ನಂತರ ಅಂಚೆಯಲ್ಲಿ ಆದೇಶ ಬಂತು. ಎರಡು ಪುಟ. ಸಂಗತಿ, ಪರಿಶೀಲನೆ, ಕಾರಣ, ತೀರ್ಮಾನ ಎಲ್ಲವೂ ಕ್ರಮವಾಗಿದ್ದವು. ಸೀಲು ಇಲ್ಲದ್ದು ಕೂಡಲೇ ಸರಿಪಡಿಸಬಹುದಾಗಿದ್ದ ಸಣ್ಣ ಲೋಪವೆಂದೂ, ಅರ್ಜಿದಾರರ ಕಡೆಯವರೇ ವಿಚಾರಣೆ ಕೋರಿದ್ದರಿಂದ ಅವಧಿ ಮೀರಿತೆಂದೂ ಬರೆದಿತ್ತು. ಅಷ್ಟು ಚೆಂದದ ಆದೇಶ ನನ್ನ ಪುಸ್ತಕದಲ್ಲೂ ಇರಲಿಲ್ಲ. ಒಂದು ತಪ್ಪು ಹುಡುಕೋಣವೆಂದು ಮೂರು ಸಲ ಓದಿದೆ, ಸಿಗಲಿಲ್ಲ.

ಗಿರಿಜಾ ಬಿಸಿನೀರಿನ ಚೀಲವನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಒಂಬತ್ತು ವರ್ಷ ನಾನು ಓಡಾಡಿದೀನಿ," ಎಂದಳು. "ನಿಮ್ಮನ್ನ ಒಂದೇ ಒಂದು ಸಲ ಕಳಿಸಿದೆ."

ನನಗೆ ಅಳು ಬಂತು. ಸುಳ್ಳಲ್ಲ.

ವರ್ಷದ ಕೊನೆಗೆ ಪರೀಕ್ಷೆ ಬರೆದೆ. ಆಡಳಿತ ಕಾನೂನಿನಲ್ಲಿ ನಮ್ಮ ತರಗತಿಗೇ ಹೆಚ್ಚು ಅಂಕ ನನಗೆ! ಅಂಕಪಟ್ಟಿಯನ್ನು ಇನ್ನೂ ಅವಳಿಗೆ ತೋರಿಸಿಲ್ಲ. ಗ್ರಂಥಾಲಯದಲ್ಲಿ ಆ ಪುಸ್ತಕದೊಳಗೇ ಇಟ್ಟಿದ್ದೇನೆ. ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊನ್ನೆ ಮತ್ತೆ ವರ್ಗಾವಣೆಗೆ ಅರ್ಜಿ ಕರೆದರು. ಈ ಸಲ ಗೋಪಾಳದಲ್ಲಿ ಜಾಗವಿಲ್ಲ, ಶಿವಮೊಗ್ಗದಲ್ಲೇ ರವೀಂದ್ರನಗರದಲ್ಲಿ ಒಂದಿದೆ. ಹೆಜ್ಜೆ ಎಣಿಸುವಷ್ಟು ಹತ್ತಿರವಲ್ಲ. ಗಿರಿಜಾ ಎಲ್ಲ ಹಾಳೆಗಳನ್ನೂ ತಾನೇ ಜೋಡಿಸಿ ಚೀಲಕ್ಕೆ ಹಾಕಿಕೊಂಡಳು. ನಾನು ಮೆಲ್ಲಗೆ ಅಂಗಿ ಹಾಕಿಕೊಳ್ಳತೊಡಗಿದೆ.

"ನೀವು ಬರೋದು ಬೇಡ," ಎಂದಳು.

ಹಳೆಯ ಚಾಳಿ ನೋಡಿ, ಬಾಯಿ ತಡೆಯಲಿಲ್ಲ. "ಕಾರಣ?"

ಗಿರಿಜಾ ಚೀಲದಿಂದ ಪೆನ್ನು ತೆಗೆದಳು. "ಲಿಖಿತವಾಗಿ ಕೊಡ್ಲಾ?"

ಬೇಡವೆಂದೆ. ನನ್ನ ಅಹವಾಲಿನ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟು, ಬಸ್ ನಿಲ್ದಾಣದ ತನಕ ಅವಳ ಚೀಲ ಹೊತ್ತುಕೊಂಡು ಹೋದೆ. ಬಸ್ಸು ಬಂದಾಗ ಚೀಲ ಕೊಟ್ಟೆ, ಮೆಟ್ಟಿಲು ಹತ್ತುವಾಗ ಮೊಣಕೈ ಹಿಡಿದುಕೊಂಡೆ. ಆಮೇಲೆ ಮನೆಗೆ ಬಂದು, ನನಗೆ ವಿಧಿಬದ್ಧವಾಗಿ ವಹಿಸಿಕೊಟ್ಟಿದ್ದ ಏಕೈಕ ಅಧಿಕಾರವನ್ನು ಚಲಾಯಿಸಿದೆ. ಕುಕ್ಕರ್ ತಳ ಹಿಡಿದಿತ್ತು, ಉಜ್ಜಿ ಉಜ್ಜಿ ತೊಳೆದೆ.