ಚಾದರದೊಳಗಿನ ಗುಂಡಿ

ನನ್ನಂಥ ಗಟ್ಟಿ ಆಳು ದವಾಖಾನಿ ಸೇರಿದ ಮೇಲೆ ಸುಮ್ಮನೆ ಮಲಗಿ ಎದ್ದು ಬರೋದು ಆಗದ ಮಾತು. ಏನಾದರೊಂದು ನಡೆದೇ ನಡೀತೈತಿ. ಇವತ್ತು ನೆಟ್ಟಗೆ ನಡೆದಾಡ್ತೀನಿ. ಕೊಪ್ಪಳದ ಆ ದವಾಖಾನಿ ಮುಂದೆ ಹಾದಾಗೊಮ್ಮೆ ಅಲ್ಲಿನ ಒಂದು ಬಿಳಿ ಡಬ್ಬಿಗೆ ಮನಸ್ಸಿನಲ್ಲೇ ಕೈ ಮುಗೀತೀನಿ.

೧

ಕ್ವಿಂಟಲ್ ಜೋಳದ ಚೀಲ ಒಬ್ಬನೇ ಎತ್ತೋ ಗಂಡಸು ನಮ್ಮೂರು ತಳಕಲ್‌ನಲ್ಲಿ ನಾನೊಬ್ಬನೇ. ಅದನ್ನ ನಾಲ್ಕು ಮಂದಿಗೆ ತೋರಿಸಲಿಕ್ಕೆ ಚೀಲ ಹೊತ್ತು ಟ್ರ್ಯಾಕ್ಟರ್ ಟ್ರ್ಯಾಲಿಯಿಂದ ಜಿಗಿದೆ. ಚೀಲಕ್ಕೇನೂ ಆಗಲಿಲ್ಲ, ನನ್ನ ತೊಡೆ ಎಲುಬು ಮುರೀತು.

ಆಪರೇಷನ್ ಆದ ಮೇಲೆ ಸಿಸ್ಟರು ನೋವಿನ ಔಷಧಿಯ ಬಿಳಿ ಡಬ್ಬಿಯೊಂದನ್ನ ಮಂಚದ ಪಕ್ಕ ಇಟ್ಟು, ಅದರ ನಳಿಕೆಯನ್ನ ನನ್ನ ಕೈಯ ನರಕ್ಕೆ ಜೋಡಿಸಿ, ಗುಂಡಿಯನ್ನ ಕೈಗೆ ಕೊಟ್ಟರು. “ನೋವಾದಾಗ ಒತ್ತ್ರಿ, ಔಷಧಿ ಹೋಗ್ತೈತಿ. ಮ್ಯಾಲಿಂದ ಮ್ಯಾಲೆ ಒತ್ತಿದರ ಡಬ್ಬಿ ಔಷಧಿ ಬಿಡೂದಿಲ್ಲ. ನೀವೊಬ್ಬರೇ ಒತ್ತಬೇಕು.”

“ನನಗ್ಯಾಕ್ರಿ ಗುಂಡಿ? ನಮ್ಮವ್ವಗ ಕೊಡ್ರಿ.”

“ಮುರಿದಿದ್ದು ನಿಮ್ಮವ್ವನ ಕಾಲಲ್ಲ.”

೨

ಆಪರೇಷನ್‌ಗೆ ಸೊಂಟಕ್ಕೆ ಕೊಟ್ಟ ಇಂಜೆಕ್ಷನ್ನಿನ ಜೋಮು ಇಳೀತು ನೋಡ್ರಿ, ಗುಂಡಿಯ ಬೆಲೆ ತಿಳೀತು. ಚಾದರದೊಳಗೆ ಕೈ ಇಟ್ಟು ಒತ್ತಿದೆ. ಹಾಳಾದ ಡಬ್ಬಿ ಟಿಣ್ ಅಂತು. ಸಪ್ಪಳ ಮುಚ್ಚಲಿಕ್ಕೆ ಕೆಮ್ಮಿದೆ. ಪ್ರತಿ ಸಲ ಟಿಣ್, ಪ್ರತಿ ಸಲ ಕೆಮ್ಮು.

“ನನ್ನ ಮಗಗ ಕೆಮ್ಮು ಹತ್ತೇತಿ,” ಅಂತ ಅವ್ವ ಥರ್ಮಾಸು ತುಂಬ ಶುಂಠಿ ಕಷಾಯ ತಂದು, ಲೋಟದ ಮೇಲೆ ಲೋಟ ಕುಡಿಸಿದಳು.

ಪಕ್ಕದ ಮಂಚದಲ್ಲಿದ್ದ ಗಂಗಾವತಿಯ ಚಾಚಾ ಎಲ್ಲಾ ನೋಡ್ತಿದ್ದರು. “ಬೇಟಾ,” ಅಂದರು, “ನಿನ್ನ ಕೆಮ್ಮಿಗೂ ಆ ಡಬ್ಬ್ಯಾಗ ಔಷಧಿ ಐತೇನು?”

೩

ಮರುದಿನ ಕುಷ್ಟಗಿಯಿಂದ ನಾನು ಒಪ್ಪಿದ ಹುಡುಗಿಯ ಅಪ್ಪ ಬಂದರು. ನಿಶ್ಚಯ ಇನ್ನೂ ಆಗಿರಲಿಲ್ಲ. ಅಳಿಯನ ಕಾಲು ನಿಲ್ತೈತೋ ಇಲ್ಲೋ ನೋಡಿ, ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಅಂತ ಬಂದಿದ್ದರು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ.

“ನೋವಂದ್ರ ಏನಂತ ಗೊತ್ತಿಲ್ರೀ ಮಾವಾರ. ಈ ಗುಂಡಿ ಒಮ್ಮೆನೂ ಮುಟ್ಟಿಲ್ಲ.”

ಅಷ್ಟರಲ್ಲಿ ಡಾಕ್ಟರು ಬಂದರು. ಸಿಸ್ಟರು ಡಬ್ಬಿ ನೋಡಿ ಗಟ್ಟಿಯಾಗಿ ಓದಿದರು: “ಒತ್ತಿದ್ದು ನಲವತ್ತೊಂದು ಸಲ. ಔಷಧಿ ಬಿಟ್ಟಿದ್ದು ಒಂಬತ್ತು ಸಲ.”

ಚಾಚಾ ಚಾದರ ಮುಖದ ಮೇಲೆ ಎಳೆದುಕೊಂಡರು. ಅವ್ವ ಕಷಾಯದ ಲೋಟ ಕೆಳಗಿಟ್ಟು, “ಹಂಗಾದ್ರ ಕೆಮ್ಮು?” ಅಂದಳು.

“ಇಷ್ಟು ನೋವಿದ್ರ ಹೇಳಬಾರದೇನೋ?” ಅಂತ ಡಾಕ್ಟರು ಔಷಧಿ ಹೆಚ್ಚು ಮಾಡಿಸಿದರು. ಸಂಜೆ ಎಲ್ಲರ ಮುಂದೆಯೇ ಗುಂಡಿ ಒತ್ತಿ, ವಾಕರ್ ಹಿಡಿದು ಎದ್ದು ನಿಂತೆ. ನಾಲ್ಕು ಹೆಜ್ಜೆ ಇಟ್ಟೆ. ಅವ್ವನ ಕಣ್ಣು ತುಂಬಿತು, ನನ್ನದೂ.

ಮಾವಾರು ಅಲ್ಲೇ ಬಾಗಿಲ ಹತ್ತಿರ ನಿಂತು ಮನೆಗೆ ಫೋನ್ ಹಚ್ಚಿದರು. “ಹೂಂ, ಕಾಲು ನಿಲ್ತೈತಿ. ಹುಡುಗನೂ ಅಡ್ಡಿಯಿಲ್ಲ. ಸುಳ್ಳು ಹೇಳ್ತಾನ ಖರೆ, ಆದ್ರ ದಕ್ಕಿಸಿಕೊಳ್ಳಾಕ ಬರೂದಿಲ್ಲ. ನಮ್ಮ ಮಗಳಿಗೆ ಭಾಳ ಅನುಕೂಲ.”