ದೊಡ್ಡಮ್ಮ ಹೇಳದ ಹೆಸರು

ನಮ್ಮ ದೊಡ್ಡಮ್ಮನಿಗೆ ಕಟ್ಟಿಕೊಂಡ ಗಂಡನ ಹೆಸರೇ ಗೊತ್ತಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಪೂರಿಗಾಲಿಯಲ್ಲಿ ಯಾರ ಹಸು ಯಾರ ಗದ್ದೆಗೆ ನುಗ್ಗಿತು, ಯಾರ ಮನೆ ಮದುವೆಯಲ್ಲಿ ಪಾಯಸ ಸೀದಿತ್ತು ಎಂಬುದೆಲ್ಲ ಅವಳ ನಾಲಗೆ ತುದಿಯಲ್ಲಿದೆ. ಗಂಡನ ಹೆಸರು ಕೇಳಿ ನೋಡಿ, ಬಾಯಿಗೆ ಬೀಗ! ಅವಳ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಒಪ್ಪಿದೆ. ಆದರೆ ದೊಡ್ಡಪ್ಪನ ಹೆಸರು ಮಲ್ಲೇಗೌಡ ಎಂಬ ಕಾರಣಕ್ಕೆ ಇವಳ ಬಾಯಲ್ಲಿ ಮಲ್ಲಿಗೆಯೂ ‘ಆ ಬಿಳೀ ಊವು’! ಮಳವಳ್ಳಿ ಬಸ್ ಸ್ಟ್ಯಾಂಡಿನ ಹೂವಿನವಳು ಒಮ್ಮೆ ಬಿಳಿ ಸೇವಂತಿಗೆ ಅಳೆದುಕೊಟ್ಟಳು. ದೊಡ್ಡಮ್ಮ ಅದನ್ನೇ ಮುಡಿದುಕೊಂಡು ಮನೆಗೆ ಬಂದಳು.

ಆಧಾರ್ ಮಾಡುವವರು ಊರಿಗೆ ಬಂದಾಗ ದೊಡ್ಡಪ್ಪನಿಗೆ ಗಂಟಲು ಕಟ್ಟಿ ಮಾತೇ ಹೊರಡುತ್ತಿರಲಿಲ್ಲ. ಹೆಸರೇನು ಎಂದು ದೊಡ್ಡಮ್ಮನನ್ನು ಕೇಳಿದ್ದಾರೆ. ಇವಳು, “ನಮ್ ಬೋರೇಗೌಡ್ನ ಅಣ್ಣ ಕಣಪ್ಪ” ಎಂದಿದ್ದಾಳೆ. ಬೋರೇಗೌಡ ಎಂದರೆ ನಮ್ಮಪ್ಪ. ಬರೆಯುವವನು ಕಿವಿಗೆ ಬಿದ್ದ ಆ ಹೆಸರನ್ನೇ ಬರೆದುಕೊಂಡ. ಓದು ಬಾರದ ಗಂಡ ಹೆಂಡತಿ ಕಾರ್ಡನ್ನು ಜೋಪಾನವಾಗಿ ಟ್ರಂಕಿನಲ್ಲಿಟ್ಟರು.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡ. ಮರಣಪತ್ರ ಆಧಾರಿನಂತೆಯೇ ಬಂತು. ನಮ್ಮಪ್ಪ ಅದನ್ನು ಎರಡು ಸಲ ಓದಿ, “ಅತ್ಗೆ, ನನ್ನೇ ಸಾಯ್ಸ್‌ಬುಟ್ರಲ್ಲ” ಎಂದ.

“ಸುಮ್ಕಿರಪ್ಪ, ಕಾಗ್ದದಲ್ ಸತ್ತೋರು ಮುದ್ದೆ ಉಣ್ಬಾರ್ದಾ? ನೀನ್ ಉಣ್ತಿಲ್ವಾ?”

ಅಪ್ಪನೇನೋ ಉಂಡ. ಆದರೆ ಜಮೀನಿನ ಪಹಣಿಯಲ್ಲಿ ಇದ್ದದ್ದು ಮಲ್ಲೇಗೌಡ, ಸತ್ತದ್ದು ಬೋರೇಗೌಡ. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯ ಅರ್ಜಿ ವಾಪಸ್ ಬಂತು. ಮಕ್ಕಳಿಲ್ಲದ ದೊಡ್ಡಮ್ಮನಿಗೆ ನಾಲೆ ಪಕ್ಕದ ಆ ಒಂದೂವರೆ ಎಕರೆ ಬಿಟ್ಟರೆ ಬೇರೆ ಆಸರೆ ಇಲ್ಲ. ಅದು ಕೈತಪ್ಪಿದರೆ ಅವಳು ಯಾರ ಮನೆ ಬಾಗಿಲಲ್ಲಿ ನಿಲ್ಲಬೇಕು? ಅವಳನ್ನು ಮಳವಳ್ಳಿಯ ವಕೀಲರ ಬಳಿಗೆ ಕರೆದುಕೊಂಡು ಹೋದೆ.

ಕೂರುವ ಮೊದಲೇ ವಕೀಲರಿಗೆ ಪರೀಕ್ಷೆ ಶುರುವಾಯಿತು. “ನಿಮ್ಮಪ್ಪಾರು ಇನ್ನೂ ಅವ್ರಾ?”

“ಇಲ್ಲ ಕಣಮ್ಮ, ಹೋಗಿ ಆರ್ ವರ್ಷ ಆಯ್ತು.”

“ಅವ್ರ್ ಖಾತೆ ನೀವೇ ಮಾಡುಸ್ಕೊಂಡ್ರಾ?”

ವಕೀಲರು ಕನ್ನಡಕ ತೆಗೆದು ಒರೆಸಿದರು. “ಅದಿನ್ನೂ ಆಗಿಲ್ಲ. ನಮ್ಮಣ್ಣ ಸಹಿ ಹಾಕ್ತಿಲ್ಲ.”

ದೊಡ್ಡಮ್ಮ ನನ್ನ ಕಡೆ ತಿರುಗಿದಳು. “ಇವ್ರೇ ಆಗ್ಲಿ ಬುಡ್ಲಾ, ಕಷ್ಟ ಗೊತ್ತಿರೋರು.”

ಎರಡು ಹೆಸರಿನವರೂ ಒಬ್ಬರೇ ಎಂದು ಅವಳು ಪ್ರಮಾಣ ಮಾಡಬೇಕಿತ್ತು. ನೋಟರಿಯೂ ಈ ವಕೀಲರೇ. ಕಾಗದ ಟೈಪಾಗಿ ಬಂತು. “ಯಜಮಾನ್ರ ನಿಜವಾದ ಹೆಸರು ನಿಮ್ಮ ಬಾಯಲ್ಲೇ ಹೇಳಿ” ಎಂದರು. ಹೆಬ್ಬೆಟ್ಟು ಒತ್ತಿಸಿಬಿಡಿ ಸಾರ್ ಎಂದು ನಾನು ಗೋಗರೆದೆ.

“ಹೆಸ್ರು ಹೇಳ್ದೆ ಇದ್ದುದ್ಕೇ ಅಲ್ವೇನ್ರೀ ಇಷ್ಟೆಲ್ಲ ಆಗಿರೋದು? ಇನ್ನೊಂದ್ಸಲ ಹಂಗೇ ಮಾಡಾದಾ?”

ದೊಡ್ಡಮ್ಮ ಮೇಜಿನ ಮೇಲಿದ್ದ ಆಧಾರ್ ಕಾರ್ಡನ್ನು ನೋಡುತ್ತಾ ಕೂತಳು. ಗಂಟಲು ಕಟ್ಟಿದ ದಿನದ ದೊಡ್ಡಪ್ಪ ಅದರಲ್ಲಿ ಮಫ್ಲರ್ ಸುತ್ತಿಕೊಂಡಿದ್ದ.

“ಎಸ್ರೇಳುದ್ರೆ ಗಂಡನ್ ಆಯಸ್ಸು ಕಮ್ಮಿಯಾಯ್ತದೆ ಅಂತ ನಮ್ಮವ್ವ ಯೋಳಿದ್ಲು” ಎಂದಳು ಮೆಲ್ಲಗೆ. “ಅದ್ಕೇ ಒಂದ್ ದಿನ್ವೂ ಯೋಳ್ನಿಲ್ಲ ಕಣಪ್ಪ. ಆದ್ರೂ ಒಂಟೋದ್ರು.”

ಇಷ್ಟು ವರ್ಷ ನಾವೆಲ್ಲ ನಕ್ಕಿದ್ದು ಇದಕ್ಕೇ ಏನು? ನನಗೆ ನಾಚಿಕೆಯಾಯಿತು. ವಕೀಲರು ಪೆನ್ನು ಕೆಳಗಿಟ್ಟರು.

ಅವಳು ಸೆರಗು ಸರಿಮಾಡಿಕೊಂಡು, “ಮಲ್ಲೇಗೌಡ” ಎಂದಳು. ದೊಡ್ಡಪ್ಪನನ್ನು ಮಣ್ಣು ಮಾಡಿದ ದಿನವೂ ಅಳದಿದ್ದವಳ ಕಣ್ಣಿಂದ ನೀರು ಇಳಿಯಿತು. “ಮಲ್ಲೇಗೌಡ” ಎಂದು ಮತ್ತೆ ಹೇಳಿದಳು.

“ಸಾಕು ಬುಡಮ್ಮ” ಎಂದು ವಕೀಲರು ಸೀಲು ಒತ್ತಿದರು. “ಒಂದ್ಸಲ ಹೇಳಿದ್ರೆ ಸಾಕು.”

“ನಿಮ್ಗೆ ಸಾಕು ಕಣಪ್ಪ” ಎಂದಳು ದೊಡ್ಡಮ್ಮ. “ನಂಗೆಲ್ಲಿ ಸಾಕು?”