ಕದಿರಮ್ಮನ ಸೋಬಾನೆ, ಎರಡು ಪ್ರತಿ

ಅವ್ವನ ಹಾಡುಗಳನ್ನು ಯಮನ ಕೈಗೂ ಸಿಗದಂತೆ ಭದ್ರ ಮಾಡಿಬಿಡುತ್ತೇನೆಂದು ಸೂಲಿಬೆಲೆಯ ಚಿಕ್ಕಬೀರಪ್ಪ ಊರಿಗೆಲ್ಲ ಸಾರಿದ್ದು ಎಪ್ಪತ್ತಮೂರನೇ ಇಸವಿಯ ಶ್ರಾವಣದಲ್ಲಿ. ಅವನು ಗುಮಾಸ್ತ. ಕಾರ್ಬನ್ ಹಾಳೆ ಇಡದೆ ರಜಾ ಚೀಟಿಯನ್ನೂ ಬರೆದವನಲ್ಲ. ಅಂಥವನ ಅವ್ವ ಕದಿರಮ್ಮನಿಗೆ ಎಪ್ಪತ್ತೆಂಟು ವರ್ಷ, ಎದೆಯಲ್ಲಿ ಉಬ್ಬಸ, ನಾಲಿಗೆಯ ಮೇಲೆ ಹದಿನೆಂಟು ಸೋಬಾನೆ ಪದ. ಒಂದಕ್ಕೂ ನಕಲಿಲ್ಲ!

ಯಾವುದರಲ್ಲಿ ಉಳಿಸುವುದು ಎಂಬ ವಿಚಾರಣೆ ಹದಿನೈದು ದಿನ ನಡೆಯಿತು. ನೋಟ್‌ಬುಕ್ಕಾದರೆ ಗೆದ್ದಲು ತಿನ್ನುತ್ತದೆ, ಗ್ರಾಮಫೋನ್ ಪ್ಲೇಟಾದರೆ ಬಿದ್ದು ಒಡೆಯುತ್ತದೆ. ಕೊನೆಗೆ ಟೇಪು ಗೆದ್ದಿತು. ಅದರಲ್ಲೂ ತೆಳ್ಳನೆಯದು ಬೇಡ, ದಪ್ಪನೆಯದೇ ಬಾಳಿಕೆ ಎಂದು ಬೆಂಗಳೂರಿನಲ್ಲಿ ಮೂರು ಅಂಗಡಿ ಅಲೆದು ಎರಡು ಸುರುಳಿ ತಂದ. ಮೈಕ್ ಸೆಟ್ ಅಂಗಡಿಯ ಸಂಜೀವಪ್ಪನ ಟೇಪ್ ರೆಕಾರ್ಡರ್ ಬಾಡಿಗೆಗೆ ಬಂತು. ಯಂತ್ರ ಒಂದೇ; ಆದ್ದರಿಂದ ಎರಡನೇ ಪ್ರತಿಗಾಗಿ ಕದಿರಮ್ಮ ಹದಿನೆಂಟನ್ನೂ ಮತ್ತೊಮ್ಮೆ ಹಾಡಬೇಕಾಯಿತು. ಉಬ್ಬಸಕ್ಕೆ ನಿಂತು ನಿಂತು ಹಾಡಿದಳು.

ಒಂದು ಸುರುಳಿ ಅನುಗೊಂಡನಹಳ್ಳಿಯ ನಾದಿನಿ ಮನೆಯಲ್ಲಿರಲಿ ಎಂದಳು ಹೆಂಡತಿ ಅಶ್ವತ್ಥಮ್ಮ. ಅವರ ಮನೆಯಲ್ಲಿ ಹೊಗೆ ಜಾಸ್ತಿ ಎಂದು ಚಿಕ್ಕಬೀರಪ್ಪ ಅದನ್ನು ತಳ್ಳಿಹಾಕಿದ. ಎರಡೂ ಒಂದೇ ಬಿಸ್ಕತ್ತಿನ ತಗಡಿನ ಡಬ್ಬಿ ಸೇರಿದವು. ಅಲ್ಲಾಡಿಸಿದರೆ ಲೊಟಲೊಟ ಎಂದವು. ಅಲ್ಲಾಡಿದರೆ ಸವೆಯುತ್ತವಲ್ಲ! ಸಂಜೀವಪ್ಪನ ಗುಜರಿಯಿಂದ ಹರಿದ ಲೌಡ್‌ಸ್ಪೀಕರಿನ ಆಯಸ್ಕಾಂತ ತಂದು ಸುರುಳಿಗಳ ನಡುವಿನ ತೂತಿಗೆ ಇಳಿಸಿದ. ಅದು ಡಬ್ಬಿಯ ತಳ ಕಚ್ಚಿಕೊಂಡಿತು. ಇನ್ನು ಭೂಕಂಪವಾದರೂ ಕದಲುವುದಿಲ್ಲ ಎಂದು ಮೀಸೆ ತಿರುವಿದ.

ಮಾಘದಲ್ಲಿ ಕದಿರಮ್ಮ ತೀರಿಕೊಂಡಳು.

ವರ್ಷದ ಎಡೆಯ ದಿನ, ನೆಂಟರೆಲ್ಲ ಉಂಡ ಮೇಲೆ, ತಾನು ಉಣ್ಣುವ ಮುಂಚೆ ಅವ್ವನ ದನಿ ಕೇಳಿಸುತ್ತೇನೆಂದು ಚಿಕ್ಕಬೀರಪ್ಪ ಯಂತ್ರ ತರಿಸಿದ. ಸುರುಳಿ ತಿರುಗಿತು. ಬರೀ ಸುಯ್ ಎಂಬ ಸದ್ದು. ದೊಡ್ಡಮ್ಮನಂತೂ ಅದನ್ನೇ ತಂಗಿಯ ಉಬ್ಬಸವೆಂದು ತಿಳಿದು ಸೆರಗಿಗೆ ಕಣ್ಣೊರೆಸಿಕೊಂಡಳು. ಎರಡನೇ ಪ್ರತಿ ಹಾಕಿದರು. ಅದೂ ಮೊದಲನೆಯದರ ಪಕ್ಕಾ ನಕಲು.

ಯಂತ್ರದ ಜೊತೆ ಬಂದಿದ್ದ ಸಂಜೀವಪ್ಪ ಡಬ್ಬಿಯೊಳಗೆ ಇಣುಕಿದ. ತಳಕ್ಕೆ ಕಚ್ಚಿದ್ದ ಆಯಸ್ಕಾಂತವನ್ನು ಕಿತ್ತು ಹೊರತೆಗೆದ.

"ಬೀರಪ್ಪಣ್ಣ, ಆಯಸ್ಕಾಂತ ತಗಲಿದ್ರೆ ಟೇಪ್‌ನಾಗಿರೋದೆಲ್ಲ ಅಳಿಸ್ಹೋಗ್ತದೆ. ಒಲೆ ಮ್ಯಾಲೆ ಬೆಣ್ಣೆ ಬಚ್ಚಿಟ್ಟಂಗಾಯ್ತಲ್ಲಣ್ಣ."

ಚಿಕ್ಕಬೀರಪ್ಪ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡ. ಅವನ ಮುಖ ನೋಡಲಾರದೆ ಸಂಜೀವಪ್ಪ ತಲೆ ಕೆರೆದುಕೊಂಡ. ಹಾಡು ಹಿಡಿದ ಮೊದಲ ದಿನ ಪರೀಕ್ಷೆಗೆಂದು ತನ್ನದೇ ಹಳೆಯ ಸುರುಳಿಯಲ್ಲಿ ಚೂರು ದನಿ ಹಿಡಿದದ್ದು ನೆನಪಾಗಿ ಸೈಕಲ್ ಹತ್ತಿದ. ಅಂಗಡಿಯಲ್ಲಿ ಸಿಕ್ಕಿದ ಅದನ್ನು ತಂದು ಯಂತ್ರಕ್ಕೆ ಹಾಕಿದ.

ಅದರ ತುಂಬ ಚಿಕ್ಕಬೀರಪ್ಪನದೇ ಭಾಷಣ. ಕೆಮ್ಮಬಾರದು, ಎಲೆಅಡಿಕೆ ಉಗಿದು ಬರಬೇಕು, ಉಸಿರು ಮೈಕಿಗೆ ತಾಗಬಾರದು. ಕೊನೆಗೊಮ್ಮೆ ಕದಿರಮ್ಮನ ದನಿ:

"ಆಯ್ತು ಕಣಪ್ಪ. ನೀನು ಉಂಡ್ಯಾ?"

"ಟೇಪು ದಂಡ ಕಣವ್ವ, ಮಾತಾಡ್ಬ್ಯಾಡ ಅಂದ್ನಲ್ಲ."

ಅಷ್ಟೇ. ಅಲ್ಲಿಗೆ ಮುಗಿಯಿತು.

ಸಂಜೀವಪ್ಪ ಸುರುಳಿಯನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಭಾಷಣ ಮುಗಿದು, ಅವ್ವ "ನೀನು ಉಂಡ್ಯಾ?" ಎಂದು ಕೇಳಿದ್ದೇ ತಡ, ಅಶ್ವತ್ಥಮ್ಮ ಕೈ ಚಾಚಿ ಯಂತ್ರ ನಿಲ್ಲಿಸಿದಳು.

"ಅತ್ತೆ ಕೇಳ್ತಾ ಅವ್ರೆ. ಈ ಸಲನಾದ್ರೂ ಹೇಳಿ."

ಮಧ್ಯಾಹ್ನ ಮೂರು ಗಂಟೆಯಾಗಿತ್ತು. ಚಿಕ್ಕಬೀರಪ್ಪ ಯಂತ್ರದ ಮುಂದೆ ಕೈಕಟ್ಟಿ ಕುಳಿತು ಮೆಲ್ಲಗೆ ಹೇಳಿದ:

"ಇನ್ನೂ ಇಲ್ಲ ಕಣವ್ವ."